ಡಿಕ್ಕಿಯೊಳಗಿನ ದನಿ

೧೯೬೩ ಮಾರ್ಚ್ ೪, ಅಜ್ಜಾವರ

ಇವತ್ತೂ ದೀಪ ಹಚ್ಚಿದ್ದೇ ತಡ, ಅಮ್ಮ ಕಾರಿನ ಶೆಡ್ಡಿಗೆ ಹೋದಳು. ಹಿಂದೆ ನಾನು, ಮಣೆ ಹಿಡಿದು. ಡಿಕ್ಕಿ ಎತ್ತಿದ್ದು, ಪಿನ್ನು ಚುಚ್ಚಿದ್ದು, ರೇಡಿಯೋ ಬಿಸಿಯಾಗಲೆಂದು ಕಾದದ್ದು. ವಾರ್ತೆ ಮುಗಿಯಿತು. ಸರ್ವೋತ್ತಮಣ್ಣನ ಹೆಸರಿಲ್ಲ.

ಅಣ್ಣ ಸೈನ್ಯದ ಜೊತೆ ಚೀನಾ ಗಡಿಗೆ, ನೇಫಾಕ್ಕೆ, ಹೋದ ಮೇಲೆ ಕಾರು ಕದಲಿಲ್ಲ. ನವೆಂಬರಿನಲ್ಲಿ ಟೆಲಿಗ್ರಾಂ — ಕಾಣೆಯಾಗಿದ್ದಾನೆ. ಸೆರೆ ಸಿಕ್ಕವರ ಹೆಸರನ್ನು ರೇಡಿಯೋದಲ್ಲಿ ಓದುತ್ತಾರೆಂದು ಯಾರೋ ಅಮ್ಮನಿಗೆ ಹೇಳಿದರು. ಅಂದಿನಿಂದ ಹೀಗೆ. ಮನೆಗೆ ಕರೆಂಟಿಲ್ಲ. ಈ ರೇಡಿಯೋ ಅಣ್ಣನೇ ಡಿಕ್ಕಿಯಲ್ಲಿ ಕೂರಿಸಿದ್ದು. ಬ್ಯಾಟರಿಯಿಂದ ನೇರ ವಯರು ಎಳೆಸಿ ಸಾಕೆಟ್ ಹಾಕಿಸಿದ. ಕೀ ತೆಗೆದು ನಿಲ್ಲಿಸಿದ ಕಾರಿನಲ್ಲೂ ಮಾತಾಡುತ್ತದೆ. ಆಗ ಅಮ್ಮನ ಅಣ್ಣ ಕಿಟ್ಟಣ್ಣ ಮಾವ ಬೈದಿದ್ದರು: “ಡಿಕ್ಕಿಯಲ್ಲಿ ತೆಂಗಿನಕಾಯಿ ಹಾಕುದಾ, ಪದ್ಯ ಹಾಕುದಾ ಮಾರಾಯ?”

ಕಾರು ಮಾವನದು. ಈಗ ಅವರು ಶೆಡ್ಡಿನ ಕಡೆ ತಿರುಗಿಯೂ ನೋಡುವುದಿಲ್ಲ.

ಮಾರ್ಚ್ ೧೯

ವಾರ್ತೆಯ ನಡುವೆ ದನಿ ಇಳಿಯಿತು. ಓದುವವನು ಬಾವಿಗೆ ಇಳಿಯುತ್ತ ಓದುತ್ತಿರುವ ಹಾಗೆ. ಆಮೇಲೆ ಬರೀ ಉಸಿರು. ಆಮೇಲೆ ಅದೂ ಇಲ್ಲ. ಅಮ್ಮ ಡಿಕ್ಕಿಯೊಳಗೆ ತಲೆ ಹಾಕಿ ಕೂತೇ ಇದ್ದಳು. ಅಲ್ಲಿ ಅಣ್ಣನ ಹಳೆಯ ರೈನ್‌ಕೋಟು ಇದೆ. ಇನ್ನೂ ಅವನದೇ ವಾಸನೆ.

ಮಾರ್ಚ್ ೨೨

ಸುಮ್ಮನೆ ಪಿನ್ನು ಚುಚ್ಚಿದೆ. ದನಿ ಬಂತು! ಮೊದಲಿಗಿಂತ ಗಟ್ಟಿ.

ಓಡಿಸದ ಕಾರು. ಬ್ಯಾಟರಿಗೆ ಜೀವ ಎಲ್ಲಿಂದ? ಅಮ್ಮನಿಗೆ ಆಶ್ಚರ್ಯವೇ ಇಲ್ಲ. “ಅವನೇ ನಡೆಸುದು. ಕೇಳುದು ನಾವು ಬಿಟ್ರೆ ಅವನು ಹೇಳುದು ಹೇಗೆ?”

ಕಾದಂಬರಿ ತೆರೆದರೆ ಸಾಲು ತಲೆಗೆ ಹತ್ತುತ್ತಿಲ್ಲ. ಬಂಗಾಳಿಯಿಂದ ಅನುವಾದವಾದದ್ದು. ಅಲ್ಲಿ ಕಾಣೆಯಾದವನು ಕೊನೆಯ ಅಧ್ಯಾಯದಲ್ಲಿ ಬಾಗಿಲು ತಟ್ಟುತ್ತಾನೆ.

ಏಪ್ರಿಲ್ ೧೬

ದನಿ ಎರಡು ದಿನ ಸತ್ತಿತ್ತು, ಇವತ್ತು ಮತ್ತೆ ಬಂತು. ಶೆಡ್ಡಿನಲ್ಲಿ ಒಬ್ಬಳೇ ನಿಲ್ಲಲಾರೆ ಈಗ.

ಮಧ್ಯಾಹ್ನ ಮಾವನ ಪಂಚೆಗೆ ತೇಪೆ. ಮಡಿಲಿನ ಹತ್ತಿರ ಸಣ್ಣ ಸಣ್ಣ ತೂತು, ಅಂಚು ಕಂದು. ಹುಳ ತಿಂದದ್ದಲ್ಲ. ಬೀಡಿಯ ಕಿಡಿಯೆನ್ನೋಣವೆಂದರೆ ಮಾವ ಬೀಡಿ ಸೇದುವವರಲ್ಲ.

ಮೇ ೩೦

ಸೆರೆಯಲ್ಲಿದ್ದವರನ್ನೆಲ್ಲ ಬಿಟ್ಟರಂತೆ. ಅಣ್ಣ ಬರಲಿಲ್ಲ.

ಊಟಕ್ಕೆ ಕೂತಾಗ ಮಾವ ಹೇಳಿದರು: “ಇನ್ನು ಸಾಕು ಕಮಲಾವತಿ. ಆಟಿ ತಿಂಗಳಲ್ಲಿ ಅವನಿಗೆ ಮದುವೆ ಮಾಡುವ. ಮದುವೆಯಾಗದೆ ಸತ್ತವನನ್ನು ಒಬ್ಬನೇ ಅಲೆಯಲಿಕ್ಕೆ ಬಿಡ್ಬಾರ್ದು. ಕೊಯಿಲದ ದುಗ್ಗಮ್ಮನ ಮಗಳು ಸೀತು ಸಣ್ಣದರಲ್ಲೇ ತೀರಿಹೋದದ್ದು. ಇದ್ದಿದ್ರೆ ಅವನಿಗೆ ಸರಿಯಾಗ್ತಿದ್ಲು.”

ಅಮ್ಮ ಕೈ ತೊಳೆದಳು. “ಬದುಕಿದ್ದವನಿಗೆ ಸತ್ತವಳನ್ನು ಕಟ್ಟಿದ್ರೆ ಅವನು ವಾಪಸು ಬರುದು ಎಲ್ಲಿಗೆ, ಅಣ್ಣ?”

ಮಾವ ಎಲೆಯಿಂದ ಎದ್ದರು. ಅನ್ನ ಕಲಸಿದ್ದು ಹಾಗೇ ಉಳಿಯಿತು.

ನನ್ನನ್ನು ಯಾರೂ ಕೇಳಲಿಲ್ಲ. ಕೇಳಿದ್ದರೆ...

ಜುಲೈ ೨೫

ಪುತ್ತೂರು. ಮದುಮಗಳಿಗೆ ಬಳೆ ತರುವ ಕೆಲಸ ನನ್ನದು. ಅಳತೆ ಯಾವುದು? ಅಂಗಡಿಯವನು ಕೈ ಕೇಳಿದ. ನನ್ನದೇ ಕೊಟ್ಟೆ.

ಬಸ್‌ಸ್ಟ್ಯಾಂಡಿನ ಹತ್ತಿರ ಅಬ್ದುಲ್ ರಹ್ಮಾನ್ ತಮ್ಮ ಅಂಗಡಿಯಿಂದ ಕೂಗಿದರು. ಅಣ್ಣನಿಗೆ ಆ ಸಾಕೆಟ್ ಹಾಕಿಕೊಟ್ಟವರು.

“ಮೋಹಿನಿಯಕ್ಕಾ, ಬ್ಯಾಟರಿ ನಾಳೆ ಆಗ್ತದೆ ಅಂತ ಮಾವನಿಗೆ ಹೇಳಿ.”

“ಯಾವ ಬ್ಯಾಟರಿ?”

“ನಿಮ್ಮದೇ ಅಲ್ವಾ! ಚಾರ್ಜಿಗೆ ಅವರೇ ತರ್ತಾ ಇರುದಲ್ವಾ, ಚಳಿಗಾಲದಿಂದ. ನೆಲದಲ್ಲಿಡಿ ಮಾರಾಯ್ರೆ ಅಂದ್ರೆ ಕೇಳುದಿಲ್ಲ. ಗೋಣಿಯಲ್ಲಿ ಸುತ್ತಿ, ಬಸ್ಸಲ್ಲಿ ಮಡಿಲ ಮೇಲೆ ಇಟ್ಕೊಂಡು ಬರುದು, ಮಗುವಿನ ಹಾಗೆ. ಆಸಿಡ್ ತುಳುಕಿದ್ರೆ ಪಂಚೆ ಉಳೀತದಾ?”

ಅವರ ಲುಂಗಿ ನೋಡಿದೆ. ಸಣ್ಣ ಸಣ್ಣ ತೂತು. ಅಂಚು ಕಂದು.

ಮನೆಯಲ್ಲಿ ಏನೂ ಹೇಳಲಿಲ್ಲ. ಮಾವ ಜಗಲಿಯಲ್ಲಿ ಮದುವೆಗೆ ಕರೆಯಬೇಕಾದವರ ಹೆಸರು ಎಣಿಸುತ್ತಿದ್ದರು. “ಬಳೆ ಸಿಕ್ಕಿತಾ?” “ಸಿಕ್ಕಿತು.” ಅಷ್ಟೆ.

ದೆವ್ವವೆಂದು ಹೆದರಿದ್ದೆ. ಗೊತ್ತಾದ ಮೇಲೆ ಹೆದರಿಕೆ ಹೋಗಬೇಕಿತ್ತು. ಹೋಗಿಲ್ಲ.

ಆಗಸ್ಟ್ ೪, ಬೆಳಿಗ್ಗೆ

ಅಮ್ಮ ಮದುವೆಗೆ ಬರುವುದಿಲ್ಲವೆಂದಳು. ಮಾವ ಬಾಡಿಗೆ ಕಾರು ಕರೆಸಲಿಲ್ಲ. ಶೆಡ್ಡಿಗೆ ಹೋದರು. ಒಂಬತ್ತು ತಿಂಗಳ ಮೇಲೆ — ಒಂದೇ ಸಲಕ್ಕೆ ಎಂಜಿನ್ ಹಿಡಿಯಿತು. ಅಮ್ಮ ಬಾಗಿಲಿಗೆ ಓಡಿ ಬಂದಳು. ಸ್ಟೇರಿಂಗಿನ ಹಿಂದೆ ಯಾರಿದ್ದಾರೆಂದು ನೋಡಿದಳು. ಒಳಗೆ ಹೋದಳು.

ಅದೇ ದಿನ, ಸಂಜೆ. ಕಾರಿನಲ್ಲೇ ಕೂತು

ಕೊಯಿಲದಲ್ಲಿ ಮದುವೆ ಆಯಿತು. ಒಂದು ಮಣೆಯ ಮೇಲೆ ಸೀರೆ, ಬಳೆ. ಇನ್ನೊಂದರ ಮೇಲೆ ಅಣ್ಣನ ಪಂಚೆ, ಶಾಲು. ದುಗ್ಗಮ್ಮ ಸೀರೆಯನ್ನು ಹಿಂದಿನ ಸೀಟಿನಲ್ಲಿ ತಾವೇ ಕೂರಿಸಿದರು. “ಕಿಟಕಿ ಹತ್ತಿರ ಇರ್ಲಿ. ಅವಳಿಗೆ ಕಾರಂದ್ರೆ ಆಸೆ ಇತ್ತು.” ಮಾವ ದಾರಿಯುದ್ದಕ್ಕೂ ನಿಧಾನ ನಡೆಸಿದರು. ತಿರುವಿನಲ್ಲಿ ಸೀರೆ ನನ್ನ ಭುಜಕ್ಕೆ ಒರಗಿತು. ಸರಿಪಡಿಸಲು ಕೈ ಬರಲಿಲ್ಲ.

ಮನೆ ಮುಟ್ಟಿದೆವು. ಸೀರೆಯನ್ನು ಅಮ್ಮ ಬಂದು ಒಳಗೆ ಕರೆಯಬೇಕು. ಕರೆಯುತ್ತಿಲ್ಲ. ಅದರ ಪಕ್ಕದಲ್ಲೇ ಕೂತಿದ್ದೇನೆ.

ಹಿಂದೆ ಸದ್ದು. ಡಿಕ್ಕಿ ಎತ್ತಿದವರು ಮಾವ. ಮದುವೆಯ ಶಾಲು ಹೆಗಲಲ್ಲೇ ಇದೆ. ಪಿನ್ನು ಚುಚ್ಚಿದರು.

ಅಮ್ಮ ಬಾಗಿಲಿನಲ್ಲಿ. “ಇನ್ನೆಂತಕ್ಕೆ ಅಣ್ಣ? ಕಟ್ಟಿ ಆಯ್ತಲ್ಲ.”

“ಕಟ್ಟಿದ್ದು ಅವನು ಸತ್ತಿದ್ರೆ ಇರ್ಲಿ ಅಂತ.” ಮಾವನ ದನಿ ಕೇಳಿಸುವುದೇ ಕಷ್ಟ. “ಇದು... ನೀನು ಮಣೆ ತಾ ಕಮಲ.”

ಅಮ್ಮ ಮಣೆ ತಂದಳು. ಎರಡು.

ರೇಡಿಯೋ ಬಿಸಿಯಾಯಿತು. ವಾರ್ತೆ. ದನಿ ಗಟ್ಟಿಯಾಗಿದೆ. “ಈಗ ಒಂದು ಪ್ರಕಟಣೆ” ಎನ್ನುತ್ತಿದ್ದಾನೆ ವಾರ್ತೆ ಓದುವವನು. ಮಾವ ನನ್ನತ್ತ ಕೈ ಎತ್ತಿದರು, ಪೆನ್ನಿನ ಸದ್ದೂ ಬೇಡವೆಂದು —