ಮಿಡುಕಕ್ಕೆ ಉತ್ತರ ಕೊಡದವರು

ಬಾಗಲಕೋಟೆ, ಮೂರನೆಯ ಊರು
ಎರಡನೆಯ ಬೇಸಿಗೆಯ ಒಂಬತ್ತನೆಯ ವಾರ, ೨೨೮೭

ವರ್ಷಕ್ಕೆ ಇನ್ನೂ ಒಂದೇ ಬೇಸಿಗೆ ಕಾಣುತ್ತಿರುವ, ಹಿಂದಿನ ಕಾಲದ ಹಿರಿಯರಿಗೆ,

ನಮ್ಮ ಕೆಲವು ಮಾತು ನಿಮಗೆ ವಿಚಿತ್ರ ಅನ್ನಿಸಿದರೆ ಮನ್ನಿಸಬೇಕು. ನಮಗೂ ನಿಮ್ಮ ಎಷ್ಟೋ ಮಾತು ಹಾಗೇ. ನಾನು ಶಿವಲೀಲಾ, ನೇಕಾರಳು. ನನ್ನ ಗಂಡ ರಾಚಪ್ಪನೂ ನೇಕಾರನೇ. ನಾವು ನೇಯುವುದು ಬಿಸಿಲುಬಟ್ಟೆ. ಅದನ್ನು ಮಾಳಿಗೆಯ ಮೇಲೆ ಹಾಸಿದರೆ ಮನೆಗೆ ಕರೆಂಟು ಬರುತ್ತದೆ. ಉಡಲು ಬರುವುದಿಲ್ಲ, ಕೆರೆಯುತ್ತದೆ. ಮಗ್ಗದ ಉದ್ದಕ್ಕೆ ಹೂಡುವ ಹಾಸಿನ ನೂಲಿಗೆ ಹಚ್ಚುವ ಗಂಜಿಯನ್ನು ಮೂರು ವರ್ಷದ ಹಿಂದೆ ಬದಲಾಯಿಸಿದರು. ಹೊಸ ಗಂಜಿಗೆ ವಾಸನೆಯಿಲ್ಲ, ನೂಲು ಹರಿಯುವುದಿಲ್ಲ. ಎಲ್ಲರೂ ಮೆಚ್ಚಿಕೊಂಡೆವು.

ಹೋದ ವರ್ಷ ಒಂದು ಸಂಜೆ ರಾಚಪ್ಪ ಮಗ್ಗದಿಂದ ಎದ್ದು ಬಂದ. ಅವನು ನಡೆದಲ್ಲೆಲ್ಲ ನೆಲದ ಮೇಲೆ ರಕ್ತ. ಅಂಗಾಲಿನಲ್ಲಿ ಮೊಳೆ ನೆಟ್ಟಿತ್ತು, ಅವನಿಗೆ ಗೊತ್ತೇ ಇರಲಿಲ್ಲ. ನಾನು ಕಿರುಚಿದರೆ, "ಏನಾಗಿಲ್ಲ ಬಿಡ, ನೀ ಸುಮ್ನ ಹೆದರತಿ" ಅಂದ. ಆಮೇಲೆ ಆ ಮರಗಟ್ಟುವಿಕೆ ಕೈಬೆರಳಿಗೂ ಬಂತು. ಹರಿದ ಎಳೆಯನ್ನು ಕಣ್ಣು ಮುಚ್ಚಿಕೊಂಡು ಹುಡುಕುತ್ತಿದ್ದವನು ಈಗ ದೀಪ ಹಿಡಿದು ಹುಡುಕುತ್ತಾನೆ. ಕೈ ಪೂರ್ತಿ ಮರಗಟ್ಟಿದ ನೇಕಾರನಿಗೆ ಮಗ್ಗ ಕೊಡುವವರಿಲ್ಲ. ನನಗೆ ಅಳು ಬರಬೇಕಿತ್ತು, ಬರಲಿಲ್ಲ. ಅಡಿಗೆ ಮಾಡಿದೆ, ಉಂಡೆವು, ಮಲಗಿದೆವು.

ಇದು ಹೊಸ ಗಂಜಿಯಿಂದಲೇ ಎಂಬ ಅನುಮಾನ ನೇಕಾರರಲ್ಲಿ ಎದ್ದಿತ್ತು. ಗಂಜಿ ನಿಲ್ಲಿಸಬೇಕೋ ಬೇಡವೋ ಎಂದು ತಿಳಿಯಲು ಆರೋಗ್ಯ ಮಂಡಳಿ ಸಮೀಕ್ಷೆ ಮಾಡಿತು. ನಮ್ಮಲ್ಲಿ ಹುಟ್ಟಿದ ಕೂಸಿಗೆಲ್ಲ ಮಣಿಕಟ್ಟಿನ ಚರ್ಮದೊಳಗೆ ಅಕ್ಕಿಕಾಳಿನಷ್ಟು ಚಿಕ್ಕ ಯಂತ್ರ ಕೂರಿಸುತ್ತಾರೆ. ಅದಕ್ಕೆ ಮಿಡುಕ ಅನ್ನುತ್ತೇವೆ. ಸರಕಾರ ಏನಾದರೂ ಕೇಳಬೇಕಾದಾಗ ಅದು ಮೆಲ್ಲಗೆ ಮಿಡಿಯುತ್ತದೆ. ಕಿವಿಗೆ ಹಿಡಿದರೆ ಪ್ರಶ್ನೆ ಹೇಳುತ್ತದೆ. ಹೌದಾದರೆ ಎರಡು ಸಲ ಒತ್ತಬೇಕು, ಇಲ್ಲವಾದರೆ ಒಂದು ಸಲ. ಒತ್ತದಿದ್ದರೆ ತುಸು ಹೊತ್ತು ಮಿಡಿದು ತಾನೇ ಸುಮ್ಮನಾಗುತ್ತದೆ, ಆಮೇಲೆ ಒತ್ತಿದರೆ ಲೆಕ್ಕಕ್ಕಿಲ್ಲ. ಕೈಕಾಲು ಮರಗಟ್ಟುತ್ತಿವೆಯೇ ಎಂಬ ಪ್ರಶ್ನೆ ಬಂತು. ನೂರಕ್ಕೆ ಹನ್ನೆರಡು ಜನ ಉತ್ತರ ಕೊಟ್ಟರು. ಹೆಚ್ಚುಕಡಿಮೆ ಎಲ್ಲರೂ ಇಲ್ಲ ಅಂದರು. ಊರು ಆರೋಗ್ಯವಾಗಿದೆ ಎಂದು ಮಂಡಳಿ ಸಾರಿತು, ಗಂಜಿ ಉಳಿಯಿತು.

ಮಂಡಳಿಯ ಡಾಕ್ಟರ್ ಮೃಣಾಲಿನಿ ಕಟಗೇರಿ ಕೆಟ್ಟವರಲ್ಲ. ನಾನು ಹೋಗಿ ಕೇಳಿದಾಗ ಕೂರಿಸಿ ಮಾತಾಡಿಸಿದರು. ಹಿಂದೆ ನಿದ್ದೆಯ ಸಮೀಕ್ಷೆಗೂ ಇಷ್ಟೇ ಜನ ಉತ್ತರಿಸಿದ್ದರಂತೆ. ಆಮೇಲೆ ಸುಮ್ಮನಿದ್ದವರಿಗೂ ಮತ್ತೆ ಮತ್ತೆ ಮಿಡಿಸಿ ಕೇಳಿದರೆ ಅವರೂ ಉತ್ತರಿಸಿದವರಷ್ಟೇ ನಿದ್ದೆ ಮಾಡುತ್ತಿದ್ದರಂತೆ. ಅದು ನಿಜವೇ ಇರಬೇಕು. ಸೋಮಾರಿತನಕ್ಕೋ ಕೆಲಸದ ಗಡಿಬಿಡಿಗೋ ಸುಮ್ಮನಿದ್ದವರು ಉಳಿದವರಂತೆಯೇ ಇರಬಹುದು. ಉತ್ತರ ಕಡಿಮೆ ಬಂತೆಂದು ಲೆಕ್ಕವೆಲ್ಲ ಸುಳ್ಳೆಂದು ನಾನೂ ಹೇಳುವುದಿಲ್ಲ. ಆದರೆ ರಾಚಪ್ಪ ಯಾಕೆ ಉತ್ತರ ಕೊಡಲಿಲ್ಲ? ಅವನ ಮಣಿಕಟ್ಟಿಗೆ ಮಿಡಿತ ತಾಗಲೇ ಇಲ್ಲ. ಮರಗಟ್ಟಿದವರನ್ನು ಚರ್ಮದ ಮೂಲಕ ಕೇಳಿದ್ದರು. ಇಷ್ಟು ಹೇಳಿದಾಗ ಡಾಕ್ಟರ್ ಸಮೀಕ್ಷೆಯ ಲೆಕ್ಕವನ್ನು ಮತ್ತೆ ತೆಗೆದು ನೋಡಿದರು.

ಮರು ಸಮೀಕ್ಷೆ ನಿಗದಿಯಾಯಿತು. ಆದರೆ ಮಂಡಳಿಯ ಕಾಯಿದೆಗೆ ಮಿಡುಕ ಬಿಟ್ಟರೆ ಬೇರೆ ದಾರಿ ಗೊತ್ತಿಲ್ಲ. "ಈ ಸಲ ಮನ್ಯಾಗಿದ್ದವ್ರು ಒಬ್ಬರಿಗೊಬ್ಬರು ನೆನಪ ಮಾಡ್ರಿ" ಎಂದರು ಡಾಕ್ಟರ್. ಒಳ್ಳೆಯ ಉಪಾಯ ಅನ್ನಿಸಿತು. ಎಲ್ಲರಿಗೂ ಒಂದೇ ಹೊತ್ತಿಗೆ ಬರುತ್ತದಲ್ಲ, ನನಗೆ ಮಿಡಿದಾಗ ರಾಚಪ್ಪನ ಮಿಡುಕವನ್ನೂ ನಾನೇ ಒತ್ತುವುದೆಂದು ನಿಶ್ಚಯಿಸಿಕೊಂಡೆ. ಮೊನ್ನೆ ಮಂಗಳವಾರ, ಸಮೀಕ್ಷೆಯ ದಿನ, ಮಗ್ಗ ನಿಲ್ಲಿಸಿ, ಅವನ ಕೈಯನ್ನು ನನ್ನ ತೊಡೆಯ ಮೇಲಿಟ್ಟುಕೊಂಡು ಬೆಳಗಿನಿಂದ ಕೂತೆ. ಅವನು ಕೂತಲ್ಲೇ ತೂಕಡಿಸಿದ. ನಾನು ಕಣ್ಣು ಮುಚ್ಚಲಿಲ್ಲ.

ಮಧ್ಯಾಹ್ನ ಪಕ್ಕದ ಚಹಾ ಅಂಗಡಿಯ ಕಾಶವ್ವ ಇಣುಕಿದಳು. ಅವಳು ಜನ್ಮದಲ್ಲಿ ಗಂಜಿ ಮುಟ್ಟಿದವಳಲ್ಲ. "ನೀ ಏನ ಒತ್ತಿದಿ? ನಾ ಅಂತೂ ಆರಾಮ ಅದೀನಿ ಅಂತ ಒತ್ತಿದೆ. ಎಷ್ಟ ಜೋರ್ ಮಿಡೀತವ್ವಾ ಈ ಸಲ!" ಅಂದಳು.

ನಾನು ನನ್ನ ಮಣಿಕಟ್ಟು ನೋಡಿಕೊಂಡೆ. ಉಗುರಿನಿಂದ ಒತ್ತಿದೆ. ಚಿವುಟಿದೆ. ಚರ್ಮ ಕೆಂಪಾಯಿತು, ನೋವು ತಿಳಿಯಲಿಲ್ಲ. ರಾಚಪ್ಪನನ್ನು ಎಬ್ಬಿಸಲಿಲ್ಲ.

ಈ ಸಲವೂ ಊರು ಆರೋಗ್ಯವಾಗಿದೆ ಎಂದೇ ಸಾರುತ್ತಾರೆ. ನಿಮ್ಮ ಕಾಲದಲ್ಲಿ ಮನೆಮನೆಗೆ ನಡೆದು ಹೋಗಿ, ಜಗುಲಿಯ ಮೇಲೆ ಕೂತು, ಆರೋಗ್ಯ ವಿಚಾರಿಸುವ ಜನರಿದ್ದರೆಂದು ಕೇಳಿದ್ದೇನೆ. ಅವರನ್ನು ಕೆಲಸದಿಂದ ತೆಗೆಯಬೇಡಿ. ಅವರ ಮಕ್ಕಳಿಗೂ ಆ ಕೆಲಸ ಕಲಿಸಿ, ಅದು ನಮ್ಮ ತನಕ ಬರಲಿ. ಬಾಗಿಲು ಬಡಿದರೆ ನಮಗೆ ಇನ್ನೂ ಕೇಳಿಸುತ್ತದೆ.