ಅಕ್ಕನ ಹೆಸರಿನ ರಕ್ತ

ಗುರುವಾರ, ಮಧ್ಯಾಹ್ನ

ಪ್ರೀತಿಯ ಅಕ್ಕಾ,

ಫೋನ್ ಮಾಡಿದರೆ ನೀನು ಎರಡನೇ ಮಾತಿಗೇ ಬಾಯಿ ಹಾಕುತ್ತೀಯ, ಆಮೇಲೆ ಇಬ್ಬರೂ ಕಿರುಚಾಡುತ್ತೇವೆ. ಅದಕ್ಕೇ ಲ್ಯಾಬಿನ ಊಟದ ಕೋಣೆಯಲ್ಲಿ ಕೂತು ಬರೆಯುತ್ತಿದ್ದೇನೆ, ಸಂಜೆಯೊಳಗೆ ಇಲ್ಲಿನ ಹುಡುಗ ನಿನ್ನ ಕೈಗೆ ತಂದುಕೊಡುತ್ತಾನೆ. ಅಕ್ಷರ ಸೊಟ್ಟಗಿವೆ ಅಂತ ಬೈದುಕೊ, ಆದರೆ ಪೂರ್ತಿ ಓದು.

ನಿನ್ನ ಹೆಸರಿನಲ್ಲಿ ನಾನು ಕೊಟ್ಟ ರಕ್ತ ಕೆಟ್ಟುಹೋಯಿತು. ಸೀಸೆಯಲ್ಲೇ ಹೆಪ್ಪುಗಟ್ಟಿದೆ, ವರದಿ ಬರಲಿಲ್ಲ. ನಾಳೆ ಬೆಳಿಗ್ಗೆ ಏನೂ ತಿನ್ನದೆ ನೀನೇ ಬಾ. ಈ ಸಲ ನಿನ್ನ ತೋಳಿನಿಂದಲೇ ತೆಗೆಯುವುದು. ವಿಮೆ ಕಚೇರಿಯವರು ಕೊಟ್ಟ ಗಡುವು ನಾಳೆ ಸಂಜೆಗೆ ಮುಗಿಯುತ್ತದೆ.

ಸಿಟ್ಟು ಬಂತು ಅಲ್ಲವಾ? ಬರಲಿ. ನನ್ನ ಸಕ್ಕರೆ ಕಾಯಿಲೆ ನೋಡಿದ್ರೆ ಅವರು ಪ್ರೀಮಿಯಂ ಏರಿಸಿಬಿಡ್ತಾರೆ ಕಣೇ, ವಿದೇಶಕ್ಕೆ ಹೋಗಿ ದುಡಿದದ್ದನ್ನೆಲ್ಲ ವಿಮೆಗೇ ಸುರೀಬೇಕಾಗತ್ತೆ ಅಂತ ನೀನು ಅತ್ತಾಗ ನನಗೂ ಬೇರೆ ದಾರಿ ಕಾಣಲಿಲ್ಲ. ವಿಮೆ ಇಲ್ಲದಿದ್ದರೆ ವೀಸಾ ಇಲ್ಲ. ವೀಸಾ ಇಲ್ಲದಿದ್ದರೆ ಆ ದೊಡ್ಡ ರಂಗಮಂದಿರದಲ್ಲಿ ವಿಗ್ಗು ಕಟ್ಟುವ ಕೆಲಸವೂ ಇಲ್ಲ. ಜಾಲರಿಗೆ ಒಂದೊಂದೇ ಕೂದಲು ಗಂಟು ಹಾಕುತ್ತಾ ಅರ್ಧ ಆಯಸ್ಸು ಬೆನ್ನು ಬಗ್ಗಿಸಿದವಳಿಗೆ ಆಗಲ್ಲ ಅನ್ನಲು ನನಗೆ ಬಾಯಿ ಬರಲಿಲ್ಲ. ರಕ್ತ ತೆಗೆಯುವ ಕೋಣೆಯ ಚಿಲಕ ಹಾಕಿ, ರಬ್ಬರ್ ಪಟ್ಟಿಯ ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಎಳೆದು, ನನ್ನ ತೋಳಿಗೆ ನಾನೇ ಸೂಜಿ ಚುಚ್ಚಿಕೊಂಡೆ. ಸೀಸೆಗೆ ನಿನ್ನ ಹೆಸರು ಅಂಟಿಸಿದೆ. ಬೇರೆ ಲ್ಯಾಬಿನವರು ಯಾರೂ ಇಷ್ಟು ಪೆದ್ದು ಕೆಲಸ ಮಾಡಿರಲಾರರು.

ನಿನ್ನೆ ವಿಮೆ ಕಚೇರಿಗೆ ನಾನೇ ಹೋಗಿದ್ದೆ. ಅಲ್ಲಿನ ಹೆಂಗಸು ಒಳ್ಳೆಯವರು, ಎಲ್ಲವನ್ನೂ ಬಿಡಿಸಿ ಹೇಳಿದರು. ವಯಸ್ಸು ಹೆಚ್ಚಿದಷ್ಟೂ, ಹಳೇ ಕಾಯಿಲೆ ಇದ್ದಷ್ಟೂ ಪ್ರೀಮಿಯಂ ಏರುತ್ತದಂತೆ. ಅಗ್ಗ ಅಂತ ನೀನು ಕುಣಿದ ಆ ಯೋಜನೆ ಇದೆಯಲ್ಲ, ಅದರಲ್ಲಿ ಪ್ರತಿ ಸಲ ಆಸ್ಪತ್ರೆಯ ಖರ್ಚಿನ ಮೊದಲ ದೊಡ್ಡ ಪಾಲು ನಮ್ಮ ಜೇಬಿನಿಂದಲೇ ಹೋಗಬೇಕು. ಸಕ್ಕರೆ ಇದೆ ಅಂತ ಬರೆದರೆ ಸ್ವಲ್ಪ ಹೆಚ್ಚು ಕಟ್ಟಬೇಕು, ಮೊದಲ ವರ್ಷ ಅದರ ಚಿಕಿತ್ಸೆಗೆ ಹಣ ಬರುವುದಿಲ್ಲ. ಅಷ್ಟೇ.

ಯಾರಾದ್ರೂ ಮುಚ್ಚಿಟ್ರೆ ಏನಾಗತ್ತೆ ಮೇಡಂ ಅಂತ ಸುಮ್ಮನೆ ಕೇಳುವವಳ ಹಾಗೆ ಕೇಳಿದೆ. ಅವರು ಪೆನ್ನು ಕೆಳಗಿಟ್ಟರು. ದುಡ್ಡು ತಗೊಳ್ಳೋವಾಗ ಯಾರೂ ಏನೂ ಕೇಳಲ್ಲಮ್ಮ, ಹಾಸಿಗೆ ಹಿಡಿದಾಗ ಕೇಳ್ತಾರೆ ಅಂದರು. ಆಗ ಇಲ್ಲಿನ ಹಳೇ ವೈದ್ಯರ ಚೀಟಿಗಳನ್ನೆಲ್ಲ ತರಿಸುತ್ತಾರಂತೆ. ಸುಳ್ಳು ಸಿಕ್ಕಿದರೆ ವಿಮೆ ರದ್ದು, ಆಸ್ಪತ್ರೆಯ ಬಿಲ್ಲು ಪೂರ್ತಿ ನಮ್ಮ ತಲೆಗೆ. ಬಸ್ ನಿಲ್ದಾಣಕ್ಕೆ ದಾರಿ ಹೇಳುವಷ್ಟು ತಣ್ಣಗೆ ಹೇಳಿದರು. ಗೊತ್ತಿಲ್ಲದ ಊರಲ್ಲಿ, ಮಾತು ತಿಳಿಯದ ನರ್ಸುಗಳ ನಡುವೆ ನೀನು ಮಲಗಿರುವುದೇ ಕಣ್ಣಿಗೆ ಕಟ್ಟಿತು.

ಲೆಕ್ಕ ಹಾಕಿ ನೋಡಿದ್ದೇನೆ. ಹಲ್ಲಿನ ಚಿಕಿತ್ಸೆ ಬಿಡು, ಆಸ್ಪತ್ರೆಯಲ್ಲಿ ಪ್ರತ್ಯೇಕ ಕೋಣೆ ಬೇಕೆಂಬ ಜಂಬ ಬಿಡು, ಇನ್ನೊಬ್ಬರ ಜೊತೆ ಮನೆ ಹಂಚಿಕೊ. ಸಕ್ಕರೆ ಇದೆ ಅಂತ ನಿಜ ಬರೆದರೂ ಹೇಗೋ ತೂಗುತ್ತದೆ. ಸ್ನಾನದ ಮನೆ ಹಂಚಿಕೊಳ್ಳುವುದೆಂದರೆ ನಿನಗೆ ಪ್ರಾಣ ಹೋದ ಹಾಗೆ, ಗೊತ್ತು. ಸಹಿಸಿಕೊ.

ನೀನು ಹೋಗಬಾರದು ಅಂತ ಕೊಕ್ಕೆ ಹಾಕುತ್ತಿದ್ದೇನೆ ಅಂದುಕೊಳ್ಳಬೇಡ. ನೀನು ಹೊರಟರೆ ನನಗೆ ಸಂಕಟವಾಗುತ್ತದೆ, ಸುಳ್ಳೇಕೆ ಹೇಳಲಿ. ಆದರೂ ಹೋಗು. ನಾಳೆ ಬರದಿದ್ದರೆ ಮಾತ್ರ ನಾನೇ ಲ್ಯಾಬಿನ ಡಾಕ್ಟರಿಗೆ ಎಲ್ಲವನ್ನೂ ಹೇಳಿಬಿಡುತ್ತೇನೆ. ಕೆಲಸ ಹೋದರೆ ಹೋಗಲಿ.

ನೀನು ಸಿಟ್ಟು ಬಂದಾಗಲೆಲ್ಲ ಕರೆಯುವ,
ನಿನ್ನ ಸೂಜಿ

ತಾ.ಕ.: ಕವರು ಅಂಟಿಸಿದವಳು ಮತ್ತೆ ಬಿಚ್ಚಿದೆ. ರಕ್ತ ಹೆಪ್ಪುಗಟ್ಟಿರಲಿಲ್ಲ ಅಕ್ಕ. ವರದಿ ಬಂದಿದೆ. ಸಕ್ಕರೆ ನೀನು ಬಯಸಿದ ಹಾಗೇ ಚೆನ್ನಾಗಿದೆ. ಆದರೆ ವಿಮೆಯವರು ಕಿಡ್ನಿ ಪರೀಕ್ಷೆಯನ್ನೂ ಕೇಳಿದ್ದರಲ್ಲ. ಬೆಳಿಗ್ಗೆ ಡಾಕ್ಟರು ಆ ಹಾಳೆ ಹಿಡಿದು ನನ್ನ ಮೇಜಿನ ಹತ್ತಿರ ಬಂದರು. ಇವರು ನಿಮ್ಮಕ್ಕ ಅಲ್ವೇನಮ್ಮ, ಎರಡೂ ಕಿಡ್ನಿ ಕೈ ಕೊಡ್ತಾ ಇವೆ, ತಡ ಮಾಡದೆ ಆಸ್ಪತ್ರೆಗೆ ಕಳಿಸು ಅಂದರು. ಪಾಪ, ಗಾಬರಿ ಆಗದ ಹಾಗೆ ಕೂರಿಸಿಕೊಂಡು ನಿಧಾನಕ್ಕೆ ಹೇಳು ಅಂತಲೂ ಅಂದರು. ಆಯ್ತು ಸಾರ್, ಹೇಳ್ತೀನಿ ಅಂದೆ. ನನಗೆ ತುಂಬಾ ಭಯವಾಗುತ್ತಿದೆ. ನಾಳೆ ನಿನ್ನ ರಕ್ತ ತೆಗೆದಾದ ಮೇಲೆ ನನ್ನ ಜೊತೆ ಆಸ್ಪತ್ರೆಗೆ ಬರುತ್ತೀಯಾ? ಅಲ್ಲಿ ಚೀಟಿ ನನ್ನ ಹೆಸರಿನಲ್ಲೇ ಬರೆಸೋಣ.