ಎರ್ರಿಯಪ್ಪನ ದನಿ

ಜೂನ್ ೩, ಸೋಮವಾರ
ಇವತ್ತೂ ಶಿಫ್ಟ್ ಬಸ್ಸಲ್ಲಿ ನನ್ನದೇ ಹವಾ. ಹೊಸಪೇಟೆ ಬಿಟ್ಟಾಗಿನಿಂದ ಫ್ಯಾಕ್ಟರಿ ಶೆಡ್ ಬರುವ ತನಕ ಎರ್ರಿಯಪ್ಪನ ಮಿಮಿಕ್ರಿ. ಕ್ರೇನ್ ಕೆಳಗೆ ನಿಂತು ವಾಕಿಟಾಕಿಯಲ್ಲಿ ‘ಎತ್ತಪಾ, ಹಗೂರ ಎತ್ತು’ ಅನ್ನುತ್ತಾನಲ್ಲ, ಮೂಗಿನಲ್ಲಿ — ಥೇಟ್ ಅದೇ. ಎಲ್ಲ ಬಿದ್ದು ಬಿದ್ದು ನಕ್ಕರು. ಅವನೂ ನಕ್ಕ. ಜನ ನಕ್ಕಾಗಲೇ ನಾನೂ ಒಬ್ಬ ಮನುಷ್ಯ ಅನ್ನಿಸೋದು. ಮನೆಯಲ್ಲಿ ಹೆಂಡತಿ ಹೇಮಾವತಿ ನಗುವುದಿಲ್ಲ. ಅವಳಿಗೆ ಟೇಸ್ಟ್ ಇಲ್ಲ.

ಜೂನ್ ೫
ಎರ್ರಿಯಪ್ಪ ಬಸ್ಸಲ್ಲಿ ಎದ್ದು ನಿಂತು ಕೇಳಿದ: “ಎಲ್ಲಾರ ದನಿ ಮಾಡ್ತೀಯಲ್ಲೋ ಲಿಂಗರಾಜ, ನಿಂದು ಅಂತ ಒಂದು ಐತೇನಲೇ?”
ಬಸ್ಸಿಗೆ ಬಸ್ಸೇ ನಕ್ಕಿತು. ಡ್ರೈವರ್ ಕೂಡ. ನಾನೂ ನಕ್ಕೆ. ಮೈಯೆಲ್ಲ ಉರಿ. ಒಬ್ಬ ಸಿಗ್ನಲ್ ಕೊಡೋನು, ನನಗೆ! ತೋರಿಸ್ತೀನಿ.

ಜೂನ್ ೬
ಟೂಲ್ ರೂಮಿನಲ್ಲಿ ಯಾರೂ ಇರಲಿಲ್ಲ. ಸ್ಪೇರ್ ವಾಕಿ ಇತ್ತು. ಬಟನ್ ಒತ್ತಿದೆ. ಎರ್ರಿಯಪ್ಪ ತನ್ನ ದನಿ ತನಗೇ ಕೇಳಿ ಪೆಚ್ಚಾಗಲಿ ಅಂತಷ್ಟೇ... ‘ಎತ್ತಪಾ, ಹಗೂರ ಎತ್ತು.’
ಮೇಲೆ ಕ್ಯಾಬಿನ್ನಿನಲ್ಲಿರುವ ಆಪರೇಟರ್ ದುರುಗೇಶನಿಗೆ ಕೆಳಗಿನದು ಕಾಣುವುದಿಲ್ಲ. ದನಿ ಕೇಳಿಯೇ ಎತ್ತುವುದು. ಎತ್ತಿದ. ಎರ್ರಿಯಪ್ಪ ಇನ್ನೂ ಕಬ್ಬಿಣದ ಪ್ಲೇಟಿಗೆ ಸುತ್ತಿದ ಸ್ಲಿಂಗ್ ಪಟ್ಟಿ ಸರಿಮಾಡುತ್ತಿದ್ದ. ಪ್ಲೇಟ್ ಜಾರಿ ಅವನ ಮೇಲೆ ಬಿತ್ತು.
ಆಸ್ಪತ್ರೆ ತನಕವೂ ಉಳಿಯಲಿಲ್ಲ.

ಜೂನ್ ೧೧
ದುರುಗೇಶನನ್ನು ಕೆಲಸದಿಂದ ತೆಗೆದರು. ಪೊಲೀಸ್ ಕೇಸು ಬೇರೆ. “ಖರೇ ಸರ್, ಅವರ ದನೀನ ಕೇಳ್ತು” ಎಂದು ಅಳುತ್ತಾನೆ. ಸ್ಲಿಂಗಿನಲ್ಲಿ ಕೈ ಇಟ್ಟವನು ಎತ್ತು ಅಂತಾನಾ? ಯಾರೂ ನಂಬುವುದಿಲ್ಲ. ಪಾಪ, ಬೈಕಿನಲ್ಲಿ ಬರುವವನು, ನನ್ನ ಮಿಮಿಕ್ರಿ ಕೇಳಿಯೇ ಇಲ್ಲ. ಬಸ್ಸಿನವರು ಕೇಳಿದ್ದಾರಲ್ಲ! ಅಷ್ಟು ನಗಿಸಿದವನ ನೆನಪು ಒಬ್ಬರಿಗೂ ಬರಲಿಲ್ಲ.
ನಾಳೆ ಹೇಳಿಬಿಡುತ್ತೇನೆ.

ಜೂನ್ ೧೬, ರಾತ್ರಿ
ಹೇಳಲಿಲ್ಲ.
ಎರ್ರಿಯಪ್ಪನ ಊರು ಕಡ್ಡಿರಾಂಪುರದಲ್ಲಿ ಅವನ ಹನ್ನೊಂದನೇ ದಿವಸದ ಊಟ. ಅವನ ಹೆಂಡತಿ ತಾಯಕ್ಕ ನನ್ನೆದುರು ಬಂದು ನಿಂತಳು. “ಅವರ ದನಿ ಥೇಟ್ ಮಾಡ್ತೀರಂತಲ್ರಿ ಅಣ್ಣಾ. ಮನ್ಯಾಗ ಹೇಳಿ ಹೇಳಿ ನಗತಿದ್ರು. ಒಂದ್ಸಲ ಮಾಡ್ರಿ, ಮಗಳು ಕೇಳ್ತಾಳ.”
ಇಡೀ ಪಂಕ್ತಿ ಊಟ ಬಿಟ್ಟು ತಿರುಗಿತು. ಎಲ್ಲರ ಕಣ್ಣು ನನ್ನ ಮೇಲೆ. ಥೂ, ಹೇಗೆ ಬರೆಯಲಿ... ಒಳಗೊಳಗೇ ಖುಷಿಯಾಯಿತು.
‘ಎತ್ತಪಾ, ಹಗೂರ—’
ಕರೆಯದೇ ಬಂದು ಬಾಗಿಲ ಹತ್ತಿರ ಕೂತಿದ್ದ ದುರುಗೇಶ್ ಎಲೆ ಬಿಟ್ಟು ಎದ್ದ. “ಇದ ದನಿ. ನಾ ಅವತ್ತು ಕೇಳಿದ್ದು ಇದ.”
ಎದ್ದು ಓಡಿ ಬಂದೆ.
ಈಗ ಬಾಗಿಲು ಬಡಿಯುತ್ತಿದ್ದಾರೆ. ತುಂಬಾ ಜನ. “ಏನು ಹೇಳ್ಲಿ, ಅದಾರ ಹೇಳ್ರೀ” ಅನ್ನುತ್ತಿದ್ದಾಳೆ ಹೇಮಾವತಿ. ಬಾಯಿ ತೆರೆದೆ. ನನ್ನ ದನಿ